ಮಾರ್ಗಚಿತ್ರವೂ ಅದರ ಅಚ್ಚೂ

ಭೂಗೋಳದ ತರಗತಿಯಲ್ಲಿ ನಾವು ನೋಡುವ ಭೂಪಟಕ್ಕೆ ಒಂದು ಅಳತೆಯ ಪ್ರಮಾಣವುಂಟು. ಆದರೆ ಲೋಕಲ್ ಗಾಡಿಯ ಡಬ್ಬಿಯಲ್ಲಿ ಬಾಗಿಲ ಬಳಿ ಇರುವ ಚಿತ್ರಕ್ಕೆ ಅಂಥ ಪ್ರಮಾಣವಿಲ್ಲ. ಪ್ರಯಾಣಿಕನಿಗೆ ಮುಖ್ಯವಾಗಿ ಬೇಕಾದ ಸಂಗತಿಗಳು ಎರಡೇ: ಯಾವ ನಿಲ್ದಾಣದ ತರುವಾಯ ಯಾವುದು ಬರುತ್ತದೆ, ಎಲ್ಲಿ ಇಳಿದು ಬೇರೆ ಗಾಡಿಯನ್ನು ಹತ್ತಬೇಕು. 1933ರಲ್ಲಿ ಪ್ರಕಟವಾದ, ಲಂಡನ್ನಿನ ನೆಲದಡಿಯ ರೈಲುಗಳಿಗಾಗಿ ಹ್ಯಾರಿ ಬೆಕ್ ಎಂಬ ನಕ್ಷೆಗಾರನು ರಚಿಸಿದ ಚಿತ್ರವು ಈ ತತ್ತ್ವವನ್ನು ಜನಪ್ರಿಯಗೊಳಿಸಿತು. ಇಂಥದನ್ನು ನಾವು ಮಾರ್ಗಚಿತ್ರವೆಂದು ಕರೆಯೋಣ.

2001ರಲ್ಲಿ ಆರಂಭವಾದ ವಿಕಿಪೀಡಿಯವೆಂಬ ಅಂತರಜಾಲದ ವಿಶ್ವಕೋಶದಲ್ಲಿ ರೈಲುಮಾರ್ಗಗಳ ಲೇಖನಗಳ ಪಕ್ಕದಲ್ಲಿ ಇಂಥ ಚಿತ್ರಗಳು ಕಾಣುತ್ತವೆ. ಅವು ಒಬ್ಬನು ಕುಳಿತು ಇಡಿಯಾಗಿ ಬರೆದ ಚಿತ್ರಗಳಲ್ಲ. ಸಣ್ಣ ಚೌಕಗಳನ್ನು ಒಂದರ ಕೆಳಗೊಂದು ಜೋಡಿಸಿ ಆದವು. ಒಂದು ಚೌಕದಲ್ಲಿ ನೇರವಾದ ಗೆರೆ, ಇನ್ನೊಂದರಲ್ಲಿ ಗೆರೆಯ ಮೇಲೊಂದು ಚುಕ್ಕೆ, ಮತ್ತೊಂದರಲ್ಲಿ ಕವಲು ಅಥವಾ ಸೇತುವೆ. ಪ್ರತಿಯೊಂದಕ್ಕೂ ಒಂದು ಸಂಕೇತನಾಮವಿದೆ. ಈ ಪದ್ಧತಿಯು ಜರ್ಮನ್ ವಿಕಿಪೀಡಿಯದಲ್ಲಿ ಹುಟ್ಟಿದ್ದರಿಂದ ಹೆಸರುಗಳೂ ಜರ್ಮನ್ ಮೂಲದವು. 'ಎಸ್‌ಟಿಆರ್' ಎಂದರೆ ಮಾರ್ಗ. 'ಬಿಎಚ್‌ಎಫ್' ಎಂದರೆ ನಿಲ್ದಾಣ. ಅದರ ಮೊದಲಿಗೆ 'ಕೆ' ಸೇರಿದರೆ ಮಾರ್ಗದ ತುದಿಯ ನಿಲ್ದಾಣ.

ಚೌಕಗಳನ್ನು ಜೋಡಿಸುವ ಕೆಲಸವನ್ನು ಟೆಂಪ್ಲೇಟು, ಅಂದರೆ ಅಚ್ಚು, ಮಾಡುತ್ತದೆ. ಬರೆಯುವವನು ಪ್ರತಿ ಸಾಲಿನಲ್ಲಿ ಮೊದಲು ಚೌಕದ ಸಂಕೇತವನ್ನೂ, ಬಳಿಕ ಎರಡು ಅಲೆಗೆರೆಗಳನ್ನೂ, ಅನಂತರ ನಿಲ್ದಾಣದ ಹೆಸರನ್ನೂ ಬರೆದರೆ ಸಾಕು. ಲೋವರ್ ಪರೇಲ್, ಪ್ರಭಾದೇವಿ, ದಾದರ್ ಎಂದು ಮೂರು ಸಾಲು ಬರೆದರೆ ಮೂರು ಚುಕ್ಕೆಗಳುಳ್ಳ ಒಂದು ಗೆರೆ ಸಿದ್ಧವಾಗುತ್ತದೆ.

ಹೀಗೆ ಸಿದ್ಧವಾದ ಚಿತ್ರವನ್ನೂ ಒಂದು ಅಚ್ಚಾಗಿ ಬೇರೆ ಪುಟದಲ್ಲಿ ಇಟ್ಟು, ಬೇಕಾದ ಲೇಖನಗಳಿಗೆಲ್ಲ ಅಲ್ಲಿಂದಲೇ ಕರೆಸಿಕೊಳ್ಳಬಹುದು. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೀವು ಬಲ್ಲಿರಷ್ಟೆ. ಒಂದೇ ಮರದ ಅಚ್ಚಿನಿಂದ ನೂರು ಗೊಂಬೆಗಳಾಗುತ್ತವೆ. ಆದರೆ ಆ ಮೇಲೆ ಮರವನ್ನು ತಿದ್ದಿದರೆ ಆಗಲೇ ಎರೆದ ಗೊಂಬೆಗಳು ಬದಲಾಗವು. ವಿಶ್ವಕೋಶದ ಅಚ್ಚು ಹಾಗಲ್ಲ; ಅದನ್ನು ತಿದ್ದಿದರೆ ಅದನ್ನು ಕರೆಸಿಕೊಂಡ ಪುಟಗಳೆಲ್ಲವೂ ತಿದ್ದಲ್ಪಡುತ್ತವೆ. 2018ರ ಜುಲೈ ತಿಂಗಳಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಕ್ಕೆ ಪ್ರಭಾದೇವಿ ಎಂಬ ಹೆಸರಾಯಿತು. ಇಂಥ ಸಂದರ್ಭದಲ್ಲಿ ಅಚ್ಚಿನ ಒಂದು ಸಾಲನ್ನು ಬದಲಿಸಿದರೆ ಸಾಕು.

ಗುಣವಿರುವಲ್ಲಿಯೇ ಅಪಾಯವೂ ಇದೆ. ಅಚ್ಚಿನಲ್ಲಿ ಒಂದಕ್ಷರ ತಪ್ಪಿದರೆ ಆ ತಪ್ಪು ಎಲ್ಲ ಪುಟಗಳಲ್ಲಿಯೂ ಮೂಡುತ್ತದೆ. ಕನ್ನಡ ವಿಕಿಪೀಡಿಯವು 2003ರಲ್ಲಿ ಆರಂಭವಾಯಿತು. ಚೌಕಗಳು ಎಲ್ಲ ಭಾಷೆಗಳಿಗೂ ಸಮಾನ. ಹೆಸರುಗಳನ್ನು ಮಾತ್ರ ನಾವೇ ಬರೆಯಬೇಕು. ರೋಮನ್ ಲಿಪಿಯಲ್ಲಿ ದಕಾರಕ್ಕೂ ಡಕಾರಕ್ಕೂ, ನಕಾರಕ್ಕೂ ಣಕಾರಕ್ಕೂ ಭೇದವಿಲ್ಲ. ಅದನ್ನೇ ನೋಡಿ ಬರೆಯುವ ದೂರದವನು ದಾದರನ್ನು 'ಡಾಡರ್' ಎಂದೂ, 1853ರಲ್ಲಿ ಬೋರಿಬಂದರಿನಿಂದ ಹೊರಟ ಮೊದಲ ಪ್ರಯಾಣಿಕರ ಗಾಡಿ ಸೇರಿದ ಠಾಣೆಯನ್ನು 'ಥಾನೆ' ಎಂದೂ ಬರೆದಾನು. ದಿನವೂ ನಿಲ್ದಾಣದ ಮರಾಠಿ ಫಲಕವನ್ನು ಓದಿ, ಘೋಷಣೆಯನ್ನು ಕೇಳಿ, ಶಾಲೆಯಲ್ಲಿ ಕನ್ನಡವನ್ನು ಕಲಿಯುವ ಇಲ್ಲಿನ ವಿದ್ಯಾರ್ಥಿಯೇ ಅದನ್ನು ಸರಿಯಾಗಿ ಬರೆಯಬಲ್ಲನು. ಎರಡು ಭಾಷೆಗಳ ನಡುವೆ ಬೆಳೆದವರಿಗೆ ದೊರೆತ ಈ ಯೋಗ್ಯತೆಯನ್ನು ನಾವು ಅಲ್ಪವೆಂದು ಎಣಿಸಬಾರದು.

ಅಭ್ಯಾಸ: ಚೌಕದ ಗೆರೆಗಳುಳ್ಳ ಕಾಗದದ ಮೇಲೆ ನಿಮ್ಮ ಮನೆಯಿಂದ ಶಾಲೆಯವರೆಗಿನ ಬಸ್ಸಿನ ಅಥವಾ ರೈಲಿನ ಮಾರ್ಗಚಿತ್ರವನ್ನು ರಚಿಸಿರಿ. ಪ್ರತಿ ನಿಲ್ದಾಣಕ್ಕೂ ಒಂದೊಂದು ಚೌಕವಿರಲಿ. ಹೆಸರುಗಳನ್ನು ಫಲಕದೊಡನೆ ಹೋಲಿಸಿ ಕನ್ನಡದಲ್ಲಿ ಬರೆಯಿರಿ.