ಸಾರ್ವಜನಿಕ ಸೈಕಲ್: ಹಂಚಿಕೆಯೂ ಹೊಣೆಯೂ

ಒಂದು ನಿಲ್ದಾಣದಲ್ಲಿ ಸೈಕಲ್ ಪಡೆದು, ತಲುಪಬೇಕಾದ ಸ್ಥಳದ ಸಮೀಪದ ಮತ್ತೊಂದು ನಿಲ್ದಾಣದಲ್ಲಿ ಹಿಂದಿರುಗಿಸುವ ವ್ಯವಸ್ಥೆಗೆ ಸಾರ್ವಜನಿಕ ಸೈಕಲ್ ಹಂಚಿಕೆ ಎಂದು ಹೆಸರು.

1965ರಲ್ಲಿ ಆಮ್‌ಸ್ಟರ್‌ಡಾಮ್‌ನ ಬೀದಿಗಳಲ್ಲಿ ಬಿಳಿ ಬಣ್ಣದ, ಬೀಗವಿಲ್ಲದ ಸೈಕಲ್‌ಗಳನ್ನು ಸರ್ವರ ಉಪಯೋಗಕ್ಕಾಗಿ ಇರಿಸಲಾಯಿತು. ಪೊಲೀಸರು ಅವುಗಳನ್ನು ವಶಪಡಿಸಿಕೊಂಡರು. 1995ರಲ್ಲಿ ಕೋಪನ್‌ಹೇಗನ್ ನಗರವು ನಾಣ್ಯದ ಠೇವಣಿಯನ್ನು ಜಾರಿಗೆ ತಂದಿತು. ಆದರೆ ಸೈಕಲ್ ಪಡೆದವರು ಯಾರೆಂದು ತಿಳಿಯದ ಕಾರಣ ಕಳವು ನಿಲ್ಲಲಿಲ್ಲ. ಫ್ರಾನ್ಸಿನ ಲಿಯಾನ್ 2005ರಲ್ಲಿಯೂ ಪ್ಯಾರಿಸ್ 2007ರಲ್ಲಿಯೂ ಕಾರ್ಡ್ ಪದ್ಧತಿಯ ವ್ಯವಸ್ಥೆಯನ್ನು ಆರಂಭಿಸಿದವು. ಕಳವು ಪೂರ್ಣವಾಗಿ ತಪ್ಪದಿದ್ದರೂ, ಪ್ರತಿಯೊಂದು ಸೈಕಲ್ಲಿಗೂ ಹೊಣೆಗಾರರು ದೊರೆತರು.

ಮೈಸೂರಿನಲ್ಲಿ 2017ರ ಜೂನ್ 4ರಂದು 48 ನಿಲ್ದಾಣ ಹಾಗೂ 450 ಸೈಕಲ್‌ಗಳೊಡನೆ ಆರಂಭವಾದ ‘ಟ್ರಿಣ್ ಟ್ರಿಣ್’ ಯೋಜನೆಯಲ್ಲಿಯೂ ಹೆಸರು ನೋಂದಾಯಿಸಿದವರಿಗೆ ಕಾರ್ಡ್ ನೀಡಲಾಯಿತು.

ಅಲ್ಪ ದೂರದ ಪ್ರಯಾಣಕ್ಕೆ ಇದು ಅಗ್ಗವಾದ, ಹೊಗೆಯಿಲ್ಲದ ಸಾಧನ. ಪಡೆದ ಸೈಕಲನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸುವುದು ಬಳಕೆದಾರರೆಲ್ಲರ ಕರ್ತವ್ಯ. ಅದು ತಪ್ಪಿದಲ್ಲಿ ಮುಂದೆ ಬರುವವರಿಗೆ ಬರಿದಾದ ನಿಲ್ದಾಣವೇ ಗತಿ.