ಬೀರುವಿನಲ್ಲಿಟ್ಟ ತೊಗಲು

2022ರ ಆಗಸ್ಟಿನ ಒಂದು ಸಂಜೆ ಬೀರುವಿನ ಕೆಳಗಿನ ಖಾನೆ ತೆರೆದೆ. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಹಳೆಯ ಸೀರೆಯಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದ ಹನ್ನೆರಡು ಚದರ ಅಡಿ ತೊಗಲಿನ ಮೇಲೆ ಬೆಳ್ಳಗೆ ಬೂಷ್ಟು ಹಬ್ಬಿತ್ತು. ಅಡಿಗೆ 180ರಂತೆ 2,160 ರೂಪಾಯಿ ಕೊಟ್ಟು ತಂದ ತೊಗಲು. ಧಾರವಾಡದ ಮಳೆಗಾಲ ಬಟ್ಟೆಯನ್ನೇ ಬಿಡುವುದಿಲ್ಲ, ತೊಗಲನ್ನು ಬಿಟ್ಟೀತೆ? ಒರೆಸಿ, ನೆರಳಲ್ಲಿ ಆರಿಸಿ ನೋಡಿದೆ. ಅರ್ಧ ಉಳಿಯಿತು, ಇನ್ನರ್ಧದ ಕಲೆ ಹೋಗಲೇ ಇಲ್ಲ. ಅದರ ಮೇಲೆ ನಾನು ಒಂದು ಗೆರೆಯನ್ನೂ ಕೊರೆದಿರಲಿಲ್ಲ. ಕೈ ಇನ್ನೂ ಪಳಗಿಲ್ಲ, ಒಳ್ಳೆಯ ಮಾಲು ಕೆಡುತ್ತದೆ ಎಂದು ಹದಿನಾಲ್ಕು ತಿಂಗಳು ಕಾದಿದ್ದೆ.

ಈ ಅಂಕಣದಲ್ಲಿ ಉಳಿತಾಯದ ಬಗ್ಗೆ ಎಷ್ಟೋ ಸಲ ಬರೆದಿದ್ದೇನೆ. ಖರ್ಚು ಮಾಡಲು ಹೆದರಿ ಕಳೆದುಕೊಂಡ ಹಣದ ಬಗ್ಗೆ ಬರೆದಿರಲಿಲ್ಲ. ಹವ್ಯಾಸಕ್ಕೆಂದು ತೆಗೆದಿಟ್ಟ ಹಣದಲ್ಲಿ ಇಂಥ ನಷ್ಟವೇ ಹೆಚ್ಚು ಎಂದು ಈಗ ನನಗೆ ಖಚಿತವಾಗಿದೆ.

ತೊಗಲಿನ ಮೇಲೆ ಹೂಬಳ್ಳಿ ಕೊರೆಯುವ, ಅಚ್ಚು ಒತ್ತುವ ಕೆಲಸಕ್ಕೆ ನಾನು ಮನಸೋತದ್ದು ಅಮೆರಿಕದ ಕುದುರೆ ಜೀನುಗಳ ಚಿತ್ರ ನೋಡಿ. ವಯೋಮಿಂಗ್ ರಾಜ್ಯದ ಶೆರಿಡನ್ ಊರಿನ ಡಾನ್ ಕಿಂಗ್ ಬೆಳೆಸಿದ ಶೈಲಿ ಅದು. ಒಂದು ಬಳ್ಳಿ ಸುತ್ತಿ ಮುಗಿಯುವಲ್ಲಿ ಇನ್ನೊಂದು ಶುರುವಾಗುತ್ತದೆ, ಪ್ರತಿ ಸುತ್ತಿನ ನಡುವೆ ಒಂದು ಹೂ. ಅದನ್ನು ಮಾಡಲೇಬೇಕು ಎಂದುಕೊಂಡವಳು ಮೊದಲು ಕೊಂಡದ್ದು 36 ಅಚ್ಚುಗಳ ಸೆಟ್ಟು. 5,400 ರೂಪಾಯಿ. ತೊಗಲನ್ನು ಮಾತ್ರ ಅಗ್ಗದಲ್ಲಿ ತಂದೆ, ಅಡಿಗೆ 70 ರೂಪಾಯಿ. ಅಂಗಡಿಯವರು ಅಪ್ಪಟ ತೊಗಲೇ ಎಂದಿದ್ದರು, ಅದು ಸುಳ್ಳೂ ಅಲ್ಲ. ಆದರೆ ಅದು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಎಷ್ಟು ಬಲವಾಗಿ ಹೊಡೆದರೂ ಅಚ್ಚು ಒಂದು ಗಳಿಗೆ ಕಂಡು ಮತ್ತೆ ಉಬ್ಬಿ ಮಾಯವಾಗುತ್ತಿತ್ತು. ಅಚ್ಚು ನಿಲ್ಲುವುದು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದವಾದ ತೊಗಲಿನ ಮೇಲೆ. ಬೀರುವಿನಲ್ಲಿಟ್ಟದ್ದು ಅಂಥದ್ದು. ಕೊಳ್ಳುವ ಮುಂಚೆ ಕತ್ತರಿಸಿದ ಅಂಚು ನೋಡಿ. ಒಗರಿನಲ್ಲಿ ಹದವಾಗಿದ್ದರೆ ಒಳಗೂ ಕಂದು, ಕ್ರೋಮಿನದಾದರೆ ಹೆಚ್ಚಾಗಿ ನೀಲಿ ಬೆರೆತ ಬೂದು. ಬಣ್ಣ ಹಾಕದ ತೊಗಲಾದರೆ ಒಂದು ಹನಿ ನೀರು ಬಿಟ್ಟು ನೋಡಿ, ಒಗರಿನದು ಕುಡಿದು ಕಪ್ಪಾಗುತ್ತದೆ.

ಬೂಷ್ಟು ಹಿಡಿದ ಆ ವರ್ಷ ಕೊಲ್ಹಾಪುರಿ ಚಪ್ಪಲಿ ಮಾಡುವ ಬೆಳಗಾವಿ ಜಿಲ್ಲೆಯ ಅಥಣಿಗೆ ಹೋದೆ. ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿರುವ ಎಂಟು ಜಿಲ್ಲೆಗಳಲ್ಲಿ ನಾಲ್ಕು ಮಹಾರಾಷ್ಟ್ರದವು, ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿಯಲ್ಲಿ ಜಾಲಿ ತೊಗಟೆ, ಅಳಲೆಕಾಯಿಯ ಒಗರು ಇವತ್ತಿಗೂ ಬಳಕೆಯಲ್ಲಿದೆ. ಪರಿಚಯದವರ ಮೂಲಕ ಒಬ್ಬ ಹಿರಿಯ ಕಸುಬುದಾರರ ಮನೆಯಂಗಳದಲ್ಲಿ ಕೂತು ಒಂದು ಮಧ್ಯಾಹ್ನ ಪೂರ್ತಿ ನೋಡಿದೆ. ನೆಲದಲ್ಲಿ ಹುಗಿದ ಕಲ್ಲು, ಪಕ್ಕದಲ್ಲಿ ರಂಪಿಗೆ, ಹೂ ಒತ್ತಲು ಬೆರಳುದ್ದದ ನಾಲ್ಕೈದು ಉಳಿ. ಅಷ್ಟೇ. ನನ್ನ 36 ಅಚ್ಚುಗಳ ಚೀಲ ಬಿಚ್ಚಲು ಮನಸ್ಸಾಗಲಿಲ್ಲ. ಬೀರುವಿನ ಕಥೆ ಹೇಳಿದೆ.

"ತಂಗೀ, ತೊಗಲ ಕೆಡಸ್ಲಾರದ ಕೈ ಬರೂದಿಲ್ಲ," ಎಂದರು ಅವರು. "ಆದ್ರ ಇಡೀ ತೊಗಲ ಯಾಕ ಕೆಡಸ್ತಿ? ತುಣುಕ ಕೆಡಸು." ಮೂಲೆಯಲ್ಲಿದ್ದ ಕತ್ತರಿಸಿ ಉಳಿದ ಚೂರುಗಳನ್ನು ಬಾಚಿ ಚೀಲಕ್ಕೆ ಹಾಕಿದರು. ಎರಡು ಕಿಲೋಗೆ 300 ರೂಪಾಯಿ ಕೊಟ್ಟೆ.

ನನ್ನ ಕಲಿಕೆ ಶುರುವಾದದ್ದು ಆ ಚೀಲದಿಂದ. ಅಡುಗೆಕಟ್ಟೆಗೆ ಕಲ್ಲು ಕೊಯ್ಯುವ ಅಂಗಡಿಯಲ್ಲಿ ಬಿದ್ದಿದ್ದ ಒಂದಡಿ ಗ್ರಾನೈಟ್ ತುಂಡು ಪುಕ್ಕಟೆ ಸಿಕ್ಕಿತು. ಅಡಿಪಾಯ ಗಟ್ಟಿ ಇದ್ದರೆ ಪೆಟ್ಟಿನ ಬಲವೆಲ್ಲ ತೊಗಲಿಗೇ ಹೋಗುತ್ತದೆ. ನಾನು ಮೊದಲು ಬಳಸುತ್ತಿದ್ದ ಪ್ಲೈವುಡ್ ಮೇಜು ಅರ್ಧ ಬಲವನ್ನು ತಾನೇ ನುಂಗುತ್ತಿತ್ತು.

ಈ ಕೆಲಸದಲ್ಲಿ ಎಲ್ಲ ಇರುವುದು ಹದದಲ್ಲಿ. ಬೆಲ್ಲದ ಪಾಕಕ್ಕೆ, ಬಿತ್ತುವ ಹೊಲಕ್ಕೆ ಇರುವ ಹಾಗೆ ಇದಕ್ಕೂ ಒಂದು ಹದ. ಸ್ಪಂಜಿನಿಂದ ನೀರು ಸವರಿ ಬಿಡಬೇಕು. ಮೊದಲು ತೊಗಲು ಕಪ್ಪಗಾಗುತ್ತದೆ, ಹತ್ತಿಪ್ಪತ್ತು ನಿಮಿಷಕ್ಕೆ ಅಂಚಿನಿಂದ ತನ್ನ ಬಣ್ಣಕ್ಕೆ ಮರಳತೊಡಗುತ್ತದೆ. ಆಗ ಎತ್ತಿ ಕೆನ್ನೆಗೆ ಇಟ್ಟುಕೊಳ್ಳುತ್ತೇನೆ. ಕಣ್ಣಿಗೆ ಒಣಗಿದಂತೆ ಕಂಡರೂ ಕೆನ್ನೆಗೆ ತಣ್ಣಗೆ ತಾಗಬೇಕು. ಆಗ ಒತ್ತಿದ ಅಚ್ಚಿನ ತಳ ಗಾಢ ಕಂದಾಗಿ, ಸುಟ್ಟಂತೆ ಎದ್ದು ಕಾಣುತ್ತದೆ. ನೀರು ಹೆಚ್ಚಾದರೆ ಗೆರೆ ಅಳಿಸಿಹೋಗುತ್ತದೆ, ಕಡಿಮೆಯಾದರೆ ತೊಗಲು ಅಚ್ಚನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆಮೇಲೆ ತಿರುಗುವ ಅಲಗಿನ ಚಾಕುವಿನಿಂದ ಚಿತ್ರದ ಗೆರೆ ಸೀಳಬೇಕು, ದಪ್ಪದ ಅರ್ಧದಷ್ಟು ಆಳ, ಅದಕ್ಕಿಂತ ಹೆಚ್ಚಲ್ಲ. ಗೆರೆಯ ಒಂದು ಬದಿಯನ್ನು ಓರೆ ಅಚ್ಚಿನಿಂದ ತಗ್ಗಿಸುತ್ತಾ ಹೋದರೆ ಇನ್ನೊಂದು ಬದಿ ತಾನಾಗಿ ಮೇಲೆದ್ದ ಎಲೆಯಾಗುತ್ತದೆ. ಪ್ರತಿ ಪೆಟ್ಟಿಗೂ ಅಚ್ಚನ್ನು ಅದರ ಅರ್ಧ ಅಗಲದಷ್ಟು ಮಾತ್ರ ಸರಿಸಬೇಕು. ಅವಸರದಲ್ಲಿ ಹೆಚ್ಚು ಸರಿಸಿದರೆ ಏಣಿಯ ಮೆಟ್ಟಿಲಿನಂಥ ಗುರುತು ಬೀಳುತ್ತದೆ. ನನ್ನ ಮೊದಲ ನಲವತ್ತು ತುಂಡುಗಳಲ್ಲಿ ಆ ಮೆಟ್ಟಿಲುಗಳಿವೆ.

ತುಂಡು ಎಂದರೆ ನಾಲ್ಕು ಇಂಚಿನ ಚೌಕ, ಲೋಟದಡಿ ಇಡುವಷ್ಟು. ಒಂದು ಚದರ ಅಡಿಯಲ್ಲಿ ಇಂಥವು ಒಂಬತ್ತು ಬರುತ್ತವೆ. 180 ರೂಪಾಯಿಯ ತೊಗಲಾದರೂ ಒಂದು ಪಾಠಕ್ಕೆ ಬೀಳುವುದು 20 ರೂಪಾಯಿ, ಚೂರಿನಲ್ಲಿ ಮಾಡಿದರೆ ಇನ್ನೂ ಕಡಿಮೆ. ಈ ಲೆಕ್ಕ ಹಾಕಿದ ದಿನ ಭಯ ಹೋಯಿತು. ಅದೇ ಲೆಕ್ಕದಲ್ಲಿ ನನ್ನ 5,400 ರೂಪಾಯಿಯ ಸೆಟ್ಟನ್ನು ಅಳೆದು ನೋಡಿದಾಗ ಸಂಕಟವಾಯಿತು. ಆ ಹಣಕ್ಕೆ 30 ಚದರ ಅಡಿ ಒಳ್ಳೆಯ ತೊಗಲು ಬರುತ್ತಿತ್ತು, ಎಂದರೆ 270 ತುಂಡು. ವಾರಕ್ಕೆ ಮೂರರಂತೆ ಒಂದೂಮುಕ್ಕಾಲು ವರ್ಷದ ಅಭ್ಯಾಸ. 36ರಲ್ಲಿ ಈಗ ಕೈಯಲ್ಲಿ ಓಡಾಡುವ ಅಚ್ಚುಗಳು ಆರೇ.

ಈಗ ತಿಂಗಳಿಗೆ 600 ರೂಪಾಯಿ ಬೇರೆ ತೆಗೆದಿಡುತ್ತೇನೆ. ನಿಯಮ ಒಂದೇ: ಅದರಲ್ಲಿ 450 ತೊಗಲಿಗೆ, ಆ ತೊಗಲು ಅದೇ ತಿಂಗಳು ಖರ್ಚಾಗಬೇಕು. ಉಳಿದ 150 ಬಣ್ಣ, ಮೇಣ, ದಾರಕ್ಕೆ. ಒಂದು ಅಚ್ಚು ಇಲ್ಲದೆ ಮೂರು ಬೇರೆ ಬೇರೆ ಕೆಲಸ ನಿಂತರೆ ಮಾತ್ರ ಹೊಸ ಅಚ್ಚು. ಪ್ರತಿ ತುಂಡಿನ ಹಿಂಬದಿಗೆ ತಾರೀಕು, ಹಿಡಿದ ಸಮಯ, ತೊಗಲಿನ ಬೆಲೆ ಬರೆದಿಡುತ್ತೇನೆ. ಬೇರೆ ಖರ್ಚಿನ ಪುಸ್ತಕ ಬೇಕಾಗಿಲ್ಲ.

ಉಳಿಸಲು ಹೋಗಿ ಕೆಡಿಸಿದ್ದೂ ಇದೆ. ಅಚ್ಚಿಗೆ ದುಡ್ಡೇಕೆ ಎಂದು ದೊಡ್ಡ ಮೊಳೆಯ ತುದಿಯನ್ನು ಅರದಿಂದ ಉಜ್ಜಿ ಹೂವಿನ ಬೀಜದ ಗುರುತು ಮಾಡಿಕೊಂಡೆ. ಒತ್ತಿದ ಗುರುತೇನೋ ಚೆನ್ನಾಗಿಯೇ ಬಂತು. ಬೆಳಿಗ್ಗೆ ನೋಡಿದರೆ ತುಂಡಿನ ತುಂಬ ನೀಲಿಗಪ್ಪು ಚುಕ್ಕೆ. ಅರ ಉಜ್ಜಿದಾಗ ಉದುರಿದ ಕಬ್ಬಿಣದ ಪುಡಿ ಕೈಗೆ ಮೆತ್ತಿಕೊಂಡು ಒದ್ದೆ ತೊಗಲಿಗೆ ತಾಗಿತ್ತು. ಒಗರು ಮತ್ತು ಕಬ್ಬಿಣ ಸೇರಿದರೆ ಶಾಯಿಯೇ ಆಗುತ್ತದೆ, ನಮ್ಮ ಹಿರಿಯರು ಅಳಲೆಕಾಯಿ, ಅನ್ನಭೇದಿ ಸೇರಿಸಿ ಶಾಯಿ ಕಾಯಿಸುತ್ತಿದ್ದದ್ದು ಇದೇ ಗುಣದಿಂದ. ನಿಂಬೆರಸ ಸವರಿದರೆ ಕಲೆ ತಿಳಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಈಗ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟನ್ನೇ ಉಜ್ಜುತ್ತೇನೆ, ಅದೂ ಬೇರೆ ಕೋಣೆಯಲ್ಲಿ.

ಶೆರಿಡನ್ ಬಳ್ಳಿಯನ್ನು ಕೆಲಕಾಲ ಬದಿಗಿಟ್ಟಿದ್ದೆ. ಅಮ್ಮನ ಕಸೂತಿ ಸೀರೆಯ ಗೋಪುರ, ತೇರುಗಳ ನೇರ ಗೆರೆಗಳಿಗೆ ಕೈ ಬೇಗ ಒಗ್ಗಿತು. ಅವನ್ನು ನೋಡಿ ಸಹೋದ್ಯೋಗಿಯೊಬ್ಬರು ಆರರ ಒಂದು ಸೆಟ್ಟು ಕೇಳಿದರು, 900 ರೂಪಾಯಿ ಕೊಟ್ಟರು. ಮನೆಯವರೆಲ್ಲ ಇದನ್ನೇ ವ್ಯಾಪಾರ ಮಾಡು ಎಂದರು. ಹಿಂಬದಿಯ ಬರಹ ಕೂಡಿಸಿದೆ: ತೊಗಲು 120, ಬಣ್ಣ-ಮೇಣ 60, ಕೆಲಸ ಏಳೂವರೆ ಗಂಟೆ. ಗಂಟೆಗೆ ಉಳಿದದ್ದು 96 ರೂಪಾಯಿ. ಬೇಸರವಾಗಲಿಲ್ಲ. ವ್ಯಾಪಾರ ಶುರುಮಾಡಿದರೆ ಮಾರಾಟವಾಗುವ ಅದೇ ತೇರನ್ನು ಮತ್ತೆ ಮತ್ತೆ ಒತ್ತಬೇಕು, ಬಾರದ ಬಳ್ಳಿಯನ್ನು ಕಲಿಯುವ ಹೊತ್ತು ಹೋಗುತ್ತದೆ. ಹಾಗಾಗಿ ತಿಂಗಳ ತೊಗಲಿನ ಖರ್ಚು ಹುಟ್ಟುವಷ್ಟು ಮಾತ್ರ ಮಾರುತ್ತೇನೆ. ಇನ್ನೊಂದು ಮಾತು. ಆ 96 ರೂಪಾಯಿ ಕಂಡ ಮೇಲೆ ಕೈಯಲ್ಲಿ ಮಾಡಿದ ಚಪ್ಪಲಿಗೆ ನಾನು ಚೌಕಾಸಿ ಮಾಡಿಲ್ಲ. ಒಂದು ಜೊತೆಯ ಹಿಂದೆ ಎಷ್ಟು ಪೆಟ್ಟು ಬಿದ್ದಿವೆ ಎಂದು ನನ್ನ ಮೊಣಕೈಗೆ ಗೊತ್ತು.

ಬೂಷ್ಟಿನಿಂದ ಉಳಿದ ಆರು ಅಡಿಯಲ್ಲಿ ಐದು ಮುಗಿದಿವೆ. ಕೊನೆಯ ಅಡಿ ನಿನ್ನೆ ರಾತ್ರಿ ಕಲ್ಲಿನ ಮೇಲೆ ಬಂತು. ಒಂದು ಬಳ್ಳಿ, ಮೂರು ಸುತ್ತು, ಮೂರು ಹೂ. ಎರಡನೆಯ ಸುತ್ತಿನಲ್ಲಿ ಚಾಕು ಜಾರಿ ಎಲೆಯೊಂದು ಸೀಳಿತು. ಹಿಂಬದಿಗೆ ತಾರೀಕು ಬರೆದೆ, ನಾಲ್ಕು ಗಂಟೆ ಎಂದು ಬರೆದೆ, 180 ರೂಪಾಯಿ ಎಂದು ಬರೆದೆ. ಭಾನುವಾರ ಮತ್ತೆರಡು ಅಡಿ ತರುತ್ತೇನೆ.