ಹಿಡಿಯೊಳಗಿನ ತುಕ್ಕನ್ನು ಮುಟ್ಟಬೇಡಿ

ಹಳೆಯ ಜಪಾನಿ ಕತ್ತಿ ಕೊಳ್ಳುವವರು ಅಲಗಿನ ಹೊಳಪಿಗೆ ಮರುಳಾಗುತ್ತಾರೆ. ಮನೆಗೆ ತಂದ ಮೇಲೆ ಹಿಡಿ ಬಿಚ್ಚಿ ನೋಡಿದರೆ ಒಳಗೆ ಕಪ್ಪಗೆ ತುಕ್ಕು ಹಿಡಿದ ಉಕ್ಕಿನ ಬಾಲ. ಗಾಬರಿಯಾಗಿ ಉಪ್ಪುಕಾಗದ ಕೈಗೆತ್ತಿಕೊಳ್ಳುತ್ತಾರೆ, ಮುನ್ನೂರು ವರ್ಷದ ಸಾಕ್ಷ್ಯ ಅರ್ಧ ಗಂಟೆಯಲ್ಲಿ ಉದುರಿಹೋಗುತ್ತದೆ. ಜಪಾನಿನಲ್ಲಿ ನಕಾಗೊ ಎಂದು ಕರೆಯುವ ಈ ಬಾಲವೇ ಕತ್ತಿಯ ಜಾತಕ. ಕೊಳ್ಳುವಾಗ ಅದನ್ನು ನೋಡದೆ ಹಣ ಕೊಡಬಾರದು, ಕೊಂಡ ಮೇಲೆ ಅದನ್ನು ಉಜ್ಜಬಾರದು, ಮಾರುವಾಗ ಅದರ ಚಿತ್ರವಿಲ್ಲದೆ ಮಾತಿಗೆ ಕೂರಬಾರದು. ಉಳಿದ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1596ಕ್ಕಿಂತ ಹಿಂದಿನವು ಕೊತೊ, ಅಲ್ಲಿಂದ ಹದಿನೆಂಟನೆಯ ಶತಮಾನದ ಕೊನೆಯ ಭಾಗದವರೆಗಿನವು ಶಿಂತೊ, ಅನಂತರ 1876ರವರೆಗಿನವು ಶಿನ್‌ಶಿಂತೊ. ಆ ವರ್ಷ ಮೈಜಿ ಸರ್ಕಾರ ಸಮುರಾಯ್‌ಗಳು ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಅಲಗು ಸುಮಾರು 60.6 ಸೆಂಟಿಮೀಟರ್ ದಾಟಿದರೆ ಕತಾನ ಅಥವಾ ತಾಚಿ, ಅದರ ಅರ್ಧದಿಂದ ಆ ಅಳತೆಯವರೆಗೆ ವಾಕಿಝಾಶಿ, ಅರ್ಧಕ್ಕಿಂತ ಕಡಿಮೆಯಾದರೆ ತಾಂತೊ.

ಮೊದಲ ಕೆಲಸ, ಮಾರುವವರಿಂದ ಹಿಡಿ ಬಿಚ್ಚಿಸುವುದು. ಬಿದಿರಿನ ಒಂದು ಸಣ್ಣ ಗೂಟ, ಅಂದರೆ ಮೆಕುಗಿ, ಹೊರಗೆ ಬಂದರೆ ಹಿಡಿ ಕಳಚುತ್ತದೆ. ದೂರದಿಂದ ಕೊಳ್ಳುವುದಾದರೆ ಬಾಲದ ಎರಡೂ ಮಗ್ಗುಲಿನ ಚಿತ್ರವನ್ನು ಹಗಲ ಬೆಳಕಿನಲ್ಲಿ, ನೇರವಾಗಿ ಮೇಲಿನಿಂದ ತೆಗೆದು ಕಳಿಸಲು ಹೇಳಿ. ‘ಹಿಡಿ ಬಿಗಿಯಾಗಿದೆ, ಬಿಚ್ಚಿದರೆ ಹಾಳಾಗುತ್ತದೆ’ ಎಂಬ ಉತ್ತರ ಬಂದರೆ ಅಲ್ಲಿಗೇ ವ್ಯವಹಾರ ಮುಗಿಸಿ. ಕೆಲವೊಮ್ಮೆ ಆ ಮಾತು ನಿಜವೂ ಇರಬಹುದು. ಆದರೆ ಅದನ್ನು ಪರೀಕ್ಷಿಸುವ ಖರ್ಚು ಮಾರುವವನದು, ನಿಮ್ಮದಲ್ಲ.

ಬಾಲ ಕಂಡ ಮೇಲೆ ಹೆಚ್ಚಿನವರ ಕಣ್ಣು ಕಮ್ಮಾರ ಕೊರೆದ ಹೆಸರಿನತ್ತ ಓಡುತ್ತದೆ. ಅಲ್ಲೇ ಜನ ಜಾರುವುದು. ಹೆಸರಾಂತ ಕಮ್ಮಾರರ ಸುಳ್ಳು ಸಹಿ ಕೊರೆಯುವುದು ಜಪಾನಿನಲ್ಲಿ ಶತಮಾನಗಳಿಂದ ನಡೆದುಬಂದ ಕಸುಬು. ಹದಿನೇಳನೆಯ ಶತಮಾನದ ಎದೋ ಪಟ್ಟಣದ ನಾಗಸೋನೆ ಕೊತೆತ್ಸುವಿನ ಹೆಸರು ಹೊತ್ತ ಕತ್ತಿಗಳಲ್ಲಿ ಸಾಚಾ ಎಷ್ಟು ವಿರಳವೆಂದರೆ, ಶಿನ್‌ಸೆನ್‌ಗುಮಿ ಎಂಬ ಸಮುರಾಯ್ ಪಡೆಯ ನಾಯಕ ಕೊಂದೊ ಇಸಾಮಿಯ ಪ್ರಸಿದ್ಧ ಕೊತೆತ್ಸು ಕೂಡ ನಕಲಿಯೇ ಇದ್ದಿರಬೇಕು ಎಂಬುದು ಹಲವು ಬಲ್ಲವರ ಅಭಿಪ್ರಾಯ. ಅಕ್ಷರದ ಆಕಾರವನ್ನು ಕೈಚಳಕವಿದ್ದವನು ನಕಲು ಮಾಡಬಲ್ಲ, ಆದರೆ ಮುನ್ನೂರು ವರ್ಷದ ತುಕ್ಕನ್ನು ನಕಲು ಮಾಡುವುದು ಬಹಳ ಕಷ್ಟ. ಹಳೆಯ ಸಹಿಯಲ್ಲಿ ಉಳಿ ಇಳಿದ ಗೆರೆಯ ತಳದಲ್ಲೂ ಸುತ್ತಲಿನ ಮೈಮೇಲೂ ಒಂದೇ ಬಣ್ಣದ, ಒಂದೇ ನುಣುಪಿನ ಕಪ್ಪು ಕೂತಿರುತ್ತದೆ. ಹಳೆಯ ತುಕ್ಕಿನ ಮೇಲೆ ಆಮೇಲೆ ಕೊರೆದ ಹೆಸರಾದರೆ ಗೆರೆಯ ಅಂಚು ಚೂಪಾಗಿ, ತಳ ಎಳೆಯದಾಗಿ ಕಾಣುತ್ತದೆ, ರಾಸಾಯನಿಕ ಹಚ್ಚಿ ಕಪ್ಪಾಗಿಸಿದ್ದರೂ ಬಣ್ಣ ಎಲ್ಲೋ ಒಂದು ಕಡೆ ಕೈಕೊಡುತ್ತದೆ. ಬಾಲದ ಮೇಲಿನ ಅರದ ಗೀರುಗಳನ್ನೂ ನೋಡಿ. ಅಡ್ಡವೋ, ಓರೆಯೋ, ಗಿಡುಗದ ಗರಿಯ ಮಾದರಿಯೋ ಎಂಬುದು ಪಂಥದಿಂದ ಪಂಥಕ್ಕೆ ಬೇರೆ. ಆಕಾರವೂ ಮಾತಾಡುತ್ತದೆ, ಮುರಮಾಸ ಎಂಬ ಕಮ್ಮಾರನ ಕತ್ತಿಯ ಬಾಲ ಮೀನಿನ ಹೊಟ್ಟೆಯಂತೆ ಉಬ್ಬಿ ತಟ್ಟನೆ ಸಣ್ಣಗಾಗುವುದು ಪ್ರಸಿದ್ಧ. ಹೆಸರು ಒಬ್ಬನದು, ಅರದ ಗೀರು ಇನ್ನೊಂದು ಪಂಥದ್ದು ಎಂದಾದರೆ ನಂಬಬೇಕಾದದ್ದು ಗೀರನ್ನು. ಸಹಿ ಯಾವ ಮಗ್ಗುಲಲ್ಲಿದೆ ಎಂಬುದನ್ನು ಮಾತ್ರ ದುಡುಕಿ ತಪ್ಪೆನ್ನಬೇಡಿ. ಹಿಝೆನ್‌ನ ತದಯೋಶಿ ಮನೆತನದವರು ಕತಾನಗಳ ಮೇಲೂ ತಾಚಿಗೆ ಸಹಿ ಹಾಕುವ ಎದುರು ಮಗ್ಗುಲಿಗೇ ಸಹಿ ಹಾಕುವ ರೂಢಿ ಇಟ್ಟುಕೊಂಡಿದ್ದರು.

ಈಗ ಆಕ್ಷೇಪಗಳು. ತುಕ್ಕು ಉಕ್ಕನ್ನು ತಿನ್ನುವುದಿಲ್ಲವೇ, ಸುಮ್ಮನೆ ಬಿಟ್ಟರೆ ಬಾಲವೇ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನಯವಾಗಿ ಕೂತ ಹಳೆಯ ಕಪ್ಪು ತುಕ್ಕು ಒಳಗಿನ ಉಕ್ಕಿಗೆ ಹೊದಿಕೆಯೇ ಹೊರತು ಶತ್ರುವಲ್ಲ. ಕೈಗೆ ಅಂಟುವ ಕೆಂಪು ಪುಡಿ ಮಾತ್ರ ಜೀವಂತ ತುಕ್ಕು. ಅದಕ್ಕೆ ಒಣ ಹತ್ತಿಬಟ್ಟೆಯಲ್ಲಿ ಮೆಲ್ಲಗೆ ಒರೆಸುವುದಷ್ಟೇ ಮದ್ದು, ವಿನೆಗರ್, ನಿಂಬೆ, ತಂತಿ ಬ್ರಷ್ ಯಾವುದೂ ಬೇಡ. ಲವಂಗದೆಣ್ಣೆ ಬೆರೆಸಿದ ಚೋಜಿ ಎಣ್ಣೆ ಅಲಗಿಗೆ, ಬಾಲಕ್ಕಲ್ಲ. ‘ತಜ್ಞರು ಅಲಗನ್ನು ನೋಡಿಯೇ ಕಮ್ಮಾರನನ್ನು ಹೇಳಬಲ್ಲರಲ್ಲ, ಬಾಲವೇಕೆ?’ ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ನಿಜ, ಉಕ್ಕಿನ ಮೈಯ ನಾರು ಮತ್ತು ಹಾಮೊನ್ ಎಂಬ ಹದದ ಗೆರೆಯನ್ನು ನೋಡಿ ಹೇಳುವವರಿದ್ದಾರೆ. ಆದರೆ ಅಲಗು ಸಾಣೆಗೆ ಸಿಕ್ಕಿದಾಗಲೆಲ್ಲ ಸವೆಯುತ್ತದೆ, ಬೆಂಕಿಗೆ ಸಿಕ್ಕಿದರೆ ಹದವನ್ನೇ ಕಳೆದುಕೊಳ್ಳುತ್ತದೆ. 1615ರಲ್ಲಿ ಒಸಾಕಾ ಕೋಟೆ ಉರಿದುಹೋದಾಗ ಸುಟ್ಟ ಹೆಸರಾಂತ ಕತ್ತಿಗಳಿಗೆ ತೊಕುಗಾವ ಮನೆತನದ ಕಮ್ಮಾರ ಯಸುತ್ಸುಗು ಮತ್ತೆ ಹದ ಕೊಟ್ಟದ್ದು ಇತಿಹಾಸ. ಹೀಗೆ ಎರಡನೆಯ ಹದ ಕಂಡ ಅಲಗು ಹೊಳಪಿನಲ್ಲಿ ಕಣ್ಣು ಕಟ್ಟಬಹುದು, ಬೆಂಕಿ ತಿಂದ ಬಾಲದ ಒರಟು ಮೈ ಗುಟ್ಟು ಬಿಟ್ಟುಕೊಡುತ್ತದೆ. ಅಂಥದ್ದನ್ನು ಅಲಗಿನ ಹೊಳಪು ನೋಡಿ ಪೂರ್ತಿ ಬೆಲೆಗೆ ಕೊಂಡರೆ ನಷ್ಟ ಖಚಿತ. ಮತ್ತೊಂದು ತಪ್ಪು ತಿಳಿವಳಿಕೆ, ಹೆಸರಿಲ್ಲದ ಕತ್ತಿ ಕಸ ಎಂಬುದು. ಉದ್ದದ ತಾಚಿಗಳನ್ನು ಮುಂದಿನವರು ಬಾಲದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿದ್ದರಿಂದ ಸಹಿ ಹಾರಿಹೋದವು ಬೇಕಾದಷ್ಟಿವೆ. ಹೆಸರಾಂತ ಕಮ್ಮಾರ ಮಾಸಮುನೆಯ ಸಹಿಯುಳ್ಳ ಕೃತಿಗಳೇ ಬೆರಳೆಣಿಕೆಯಷ್ಟು. ನನ್ನ ಲೆಕ್ಕದಲ್ಲಿ ಹೊಸಬರಿಗೆ ಸುಳ್ಳು ಸಹಿಯ ಕತ್ತಿಗಿಂತ ಸಹಿಯೇ ಇಲ್ಲದ, ಕಾಗದವಿರುವ ಒಳ್ಳೆಯ ವಾಕಿಝಾಶಿ ಎಷ್ಟೋ ಮೇಲು.

ಕಾಗದದ ಮಾತು ಬಂತು. ಜಪಾನಿನೊಳಗಿನ ಪ್ರತಿ ಕತ್ತಿಗೂ ನೋಂದಣಿ ಚೀಟಿ ಇರಬೇಕು. ಅದನ್ನು ಕೊಡುವುದು ಆಯಾ ಪ್ರಾಂತದ ಶಿಕ್ಷಣ ಮಂಡಳಿ, ಚೀಟಿ ಕತ್ತಿಗೆ ಸೇರಿದ್ದು, ಮಾಲೀಕನಿಗಲ್ಲ. ಕೈ ಬದಲಾದರೆ 20 ದಿನದೊಳಗೆ ತಿಳಿಸಬೇಕು. ಅದರಲ್ಲಿ ಅಲಗಿನ ಉದ್ದ, ಬಾಗು, ಬಾಲದ ತೂತುಗಳ ಸಂಖ್ಯೆ, ಸಹಿ ಎಲ್ಲ ಬರೆದಿರುತ್ತದೆ, ಒಂದೊಂದನ್ನೂ ಕತ್ತಿಗೆ ತಾಳೆ ಹಾಕಿ. ಇದು ಪ್ರಾಮಾಣ್ಯದ ಪತ್ರವಲ್ಲ, ಸುಳ್ಳು ಸಹಿಯೂ ಇದ್ದಂತೆಯೇ ದಾಖಲಾಗಿರುತ್ತದೆ. ಪ್ರಾಮಾಣ್ಯಕ್ಕೆ ಹೆಚ್ಚಿನವರು ಒಪ್ಪುವುದು 1948ರಲ್ಲಿ ಹುಟ್ಟಿದ, ಎನ್‌ಬಿಟಿಎಚ್‌ಕೆ ಎಂದು ಕರೆಯುವ ಕತ್ತಿ ಸಂರಕ್ಷಣಾ ಸಂಘದ ಪತ್ರವನ್ನು. ಹೊಝೋನ್, ತೊಕುಬೆತ್ಸು ಹೊಝೋನ್, ಜೂಯೋ, ತೊಕುಬೆತ್ಸು ಜೂಯೋ ಎಂಬ ನಾಲ್ಕು ದರ್ಜೆ ಅದರವು. ಕೆಳಗಿನೆರಡು ದರ್ಜೆಯ ಪತ್ರಗಳಲ್ಲೂ ಬಾಲದ ಚಿತ್ರ ಅಂಟಿಸಿರುತ್ತದೆ. ತುಕ್ಕಿನ ಕಲೆ, ತೂತಿನ ಅಂಚು, ಉಳಿಯ ಗೆರೆ ಚಿತ್ರದೊಂದಿಗೆ ಕೂಡಿದರೆ ಮಾತ್ರ ಪತ್ರ ಆ ಕತ್ತಿಯದು. ಬಾಲ ಉಜ್ಜಿದವನು ತನ್ನ ಕತ್ತಿಯನ್ನು ತನ್ನದೇ ಪತ್ರದಿಂದ ಬೇರ್ಪಡಿಸಿದಂತೆ. 1982ರಲ್ಲಿ ನಿಂತುಹೋದ ಹಳೆಯ ಕಿಚೋ ಪತ್ರಗಳಿಗೆ ಈಗ ಅಷ್ಟು ಮರ್ಯಾದೆಯಿಲ್ಲ, ಅವುಗಳಲ್ಲಿ ಖೋಟಾಗಳೂ ಸೇರಿಕೊಂಡಿವೆ. ಹಳೆಯ ಪತ್ರ ತೋರಿಸಿ ಹೊಸ ಪತ್ರದ ಬೆಲೆ ಕೇಳಿದರೆ, ಇಷ್ಟು ವರ್ಷ ಮತ್ತೆ ಪರೀಕ್ಷೆಗೆ ಯಾಕೆ ಕಳಿಸಲಿಲ್ಲ ಎಂದು ಕೇಳಿ.

ಅಲಗಿನಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಹಾಗಿರೆ, ಅಂದರೆ ಬಾಯಿಗೆ ಅಡ್ಡಲಾಗಿ ಬಿದ್ದ ಕೂದಲೆಳೆಯ ಬಿರುಕು. ಅದಿದ್ದರೆ ಕೊಳ್ಳಬೇಡಿ. ಬೇರೆ ಸಣ್ಣ ಕೊರತೆಗಳಿಗೆ ಬೆಲೆ ಇಳಿಸಿ ಕೇಳಬಹುದು. ಮಬ್ಬಾದ ಅಲಗನ್ನು ಊರಿನ ಸಾಣೆಯವನಿಗೆ ಕೊಡಬೇಡಿ. ವರ್ಷಗಟ್ಟಲೆ ಗುರುವಿನ ಬಳಿ ಕಲಿತ ಜಪಾನಿ ಸಾಣೆಗಾರನ ಕೂಲಿ ಎಷ್ಟೋ ಸಲ ಕತ್ತಿಯ ಬೆಲೆಯನ್ನೇ ಮೀರುತ್ತದೆ, ಹಾಗಾಗಿ ಮಾರುವವನು ಮಬ್ಬನ್ನು ಹಾಗೆಯೇ ಬಿಟ್ಟು ಕೊಳ್ಳುವವನಿಗೆ ನಿರ್ಧಾರ ಬಿಡುವುದು ಜಾಣತನ.

ಮಾರಾಟದ ದಾರಿ ಮೂರು: ವ್ಯಾಪಾರಿಗೆ ನೇರ ಕೊಟ್ಟರೆ ಬೇಗ ಹಣ, ಕಡಿಮೆ ಬೆಲೆ, ಅವನ ಅಂಗಡಿಯಲ್ಲಿ ಕಮಿಷನ್ ಮೇಲೆ ಇಟ್ಟರೆ ತಡ, ಹರಾಜಿಗೆ ಹಾಕಿದರೆ ಎರಡೂ ಕಡೆಯ ಶುಲ್ಕ. ಜಪಾನಿನಿಂದ ಹೊರಗೆ ಒಯ್ಯಲು ಅಲ್ಲಿನ ಸಾಂಸ್ಕೃತಿಕ ಇಲಾಖೆಯ ಅನುಮತಿ ಬೇಕು, ಆಗ ನೋಂದಣಿ ಚೀಟಿಯನ್ನು ಹಿಂದಿರುಗಿಸಬೇಕು. ಎರಡನೆಯ ಮಹಾಯುದ್ಧದ ಯಂತ್ರನಿರ್ಮಿತ ಸೈನಿಕ ಕತ್ತಿಯನ್ನು ಮಾತ್ರ ಜಪಾನಿಗೆ ಮಾರಲು ಕಳಿಸಬೇಡಿ, ಅಲ್ಲಿ ಅದಕ್ಕೆ ನೋಂದಣಿ ಸಿಗದು, ಕತ್ತಿ ವಾಪಸ್ ಬರುವುದೂ ಇಲ್ಲ. ಭಾರತಕ್ಕೆ ತರುವ ಯೋಚನೆಯಿದ್ದರೆ ಎರಡು ಕಾಯ್ದೆ ಓದಿಕೊಳ್ಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕತ್ತಿಯೂ ಆಯುಧವೇ, ಆಮದಿಗೆ ಮುಂಚೆಯೇ ಪರವಾನಗಿ ವಿಚಾರಿಸಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಖ್ಯೆ ನೂರು ವರ್ಷ ದಾಟಿದ ವಸ್ತು ಯಾವ ದೇಶದ್ದೆಂದು ಕೇಳುವುದಿಲ್ಲ, ಅಂಥದ್ದನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಅಂದರೆ ಬೆಂಗಳೂರಿಗೆ ಬಂದ ಹಳೆಯ ಕತಾನ ಟೋಕಿಯೋದ ಮಾರುಕಟ್ಟೆಗೆ ಮರಳುವುದು ಕಷ್ಟ. ಹಣ ಕಳಿಸುವ ಮೊದಲು ಕಸ್ಟಮ್ಸ್ ಕಚೇರಿಯಿಂದ ಲಿಖಿತ ಉತ್ತರ ಪಡೆದುಕೊಳ್ಳಿ.